ಉತ್ಸರ್ಗ ಸಮಿತಿಯೂ ಶ್ರಾವಕನ ಕಸದ ಬುಟ್ಟಿಯೂ

2018ರ ಮಾಘ ಮಾಸದಲ್ಲಿ ಬೆಂಗಳೂರಿನ ಒಂದು ಬಸದಿಯ ವಾರ್ಷಿಕೋತ್ಸವವು ಮೂರು ದಿನಗಳ ಕಾಲ ವಿಜೃಂಭಣೆಯಿಂದ ಜರುಗಿತು. ಅಭಿಷೇಕ, ಆರಾಧನೆ, ಪ್ರವಚನ, ಸಾಮೂಹಿಕ ಭೋಜನ ಎಲ್ಲವೂ ಸಾಂಗವಾಗಿ ನೆರವೇರಿದವು. ಟ್ರಸ್ಟಿನ ಕೋಶಾಧ್ಯಕ್ಷರು ಪೇಟೆಯಲ್ಲಿ ನಾಲ್ವತ್ತು ವರ್ಷ ಚಿನ್ನ-ಬೆಳ್ಳಿಯ ವ್ಯಾಪಾರ ಮಾಡಿದವರು. ಲೆಕ್ಕದಲ್ಲಿ ಒಂದು ರೂಪಾಯಿಯ ವ್ಯತ್ಯಾಸವಿದ್ದರೂ ರಾತ್ರಿ ನಿದ್ರೆ ಮಾಡದವರು. ಉತ್ಸವ ಮುಗಿದ ಒಂದು ವಾರದೊಳಗೆ ಅವರು ಜಮಾ-ಖರ್ಚಿನ ಪಟ್ಟಿಯನ್ನು ಸಿದ್ಧಪಡಿಸಿ ಸಭೆಯ ಮುಂದಿಟ್ಟರು. ಖರ್ಚಿನ ಕೊನೆಯ ಬಾಬ್ತು ‘ಸ್ವಚ್ಛತೆ ಮತ್ತು ಕಸ ಸಾಗಣೆ’ ಎಂದಿತ್ತು. ಅದರ ಮುಂದೆ ಮೊತ್ತ, ರಸೀದಿಯ ಸಂಖ್ಯೆ, ‘ಚುಕ್ತಾ’ ಎಂಬ ಷರಾ. ಸಭೆ ಲೆಕ್ಕವನ್ನು ಒಪ್ಪಿ ಅವರನ್ನು ಅಭಿನಂದಿಸಿತು.

ತಿಂಗಳೊಂದು ಕಳೆದ ಮೇಲೆ ಒಂದು ಮುಂಜಾನೆ ವೃದ್ಧ ರೈತರೊಬ್ಬರು ಬಸದಿಯ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಬರಬಹುದೋ ಬಾರದೋ ಎಂದು ಸಂಕೋಚದಿಂದ ನಿಂತರು. ಕೋಶಾಧ್ಯಕ್ಷರು ಪೂಜೆ ಮುಗಿಸಿ ಹೊರಬರುತ್ತಿದ್ದರು. ರೈತರು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ ಒಂದು ಆಮಂತ್ರಣ ಪತ್ರಿಕೆಯನ್ನು ಎರಡು ಕೈಗಳಿಂದ ಮುಂದೆ ಹಿಡಿದರು. ಉತ್ಸವದ ಪತ್ರಿಕೆ ಅದು; ಮುಖಪುಟದಲ್ಲಿ ಜಿನಬಿಂಬದ ಚಿತ್ರ.

“ಸ್ವಾಮಿ, ಇದು ತಮ್ಮ ದೇವಸ್ಥಾನದ್ದೇ ತಾನೇ? ದೇವರ ಪಟ ಐತೆ. ಕಸದಾಗೆ ಬಿಡೋಕೆ ಮನಸ್ಸು ಬರಲಿಲ್ಲ. ತೊಳೆದು ಒಣಗಿಸಿ ತಂದಿವ್ನಿ.”

“ಎಲ್ಲಿ ಸಿಕ್ಕಿತು, ಯಜಮಾನರೇ?”

“ನಮ್ಮ ಹೊಲದ ಪಕ್ಕದ ಬಂಡೆ ಹಳ್ಳದಾಗೆ. ರಾತ್ರಿ ಹೊತ್ತು ಅಲ್ಲಿಗೆ ಲಾರಿ ಬತ್ತವೆ.”

ಆ ಮಾತಿನಲ್ಲಿ ಆಕ್ಷೇಪಣೆಯ ಧ್ವನಿಯೇ ಇರಲಿಲ್ಲ. ಕುಡಿಯಲು ನೀರು ಕೊಟ್ಟು ಕುಳ್ಳಿರಿಸಿ ವಿಚಾರಿಸಿದ ಮೇಲೆಯೇ ಮಿಕ್ಕದ್ದು ಹೊರಬಿದ್ದದ್ದು. ನಗರದ ಹೊರವಲಯದಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದರ ಹೊಂಡ. ಎರಡು ವರ್ಷಗಳಿಂದ ಯಾರು ಯಾರೋ ಕಸ ತಂದು ಸುರಿಯುತ್ತಿದ್ದಾರೆ. ರೈತರ ಬಾವಿಯ ನೀರಿನ ಬಣ್ಣ ತಿರುಗಿದೆ. ದನಗಳು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಮನೆಯವರು ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಕೊಂಡು ತರುತ್ತಿದ್ದಾರೆ.

ಅಂದು ಸಂಜೆ ಸೇರಿದ ಟ್ರಸ್ಟಿನ ಸಭೆಯಲ್ಲಿ ಮೊದಲು ವ್ಯಕ್ತವಾದದ್ದು ನೋವು. ಜಿನಬಿಂಬದ ಚಿತ್ರ ಎಂಜಲೆಲೆಗಳ ನಡುವೆ ಬಿದ್ದಿತ್ತೆಂಬ ಸುದ್ದಿಗೆ ಕೆಲವರ ಕಣ್ಣು ತೇವವಾದವು. ಈ ಅವಿನಯಕ್ಕೆ ಪ್ರಾಯಶ್ಚಿತ್ತವಾಗಿ ಶಾಂತಿಧಾರಾ ಮಾಡಿಸಬೇಕೆಂಬ ಸಲಹೆ ಬಂದು, ಒಪ್ಪಿಗೆಯೂ ಆಯಿತು. ಆಮೇಲೆ ವ್ಯಕ್ತವಾದದ್ದು ಕೋಪ. ಕಸ ಸಾಗಿಸಲು ಹಣ ಪಡೆದವನು ಸರಿಯಾದ ಜಾಗದಲ್ಲಿ ಹಾಕದೆ ಮೋಸ ಮಾಡಿದ್ದಾನೆ. ತಪ್ಪು ಅವನದು, ಟ್ರಸ್ಟಿನದಲ್ಲ. ಹಣ ಸಂದಾಯವಾಗಿದೆ, ರಸೀದಿ ಇದೆ.

ಅಲ್ಲಿಯವರೆಗೆ ಮೌನವಾಗಿದ್ದ ಕೋಶಾಧ್ಯಕ್ಷರು ಆಗ ಒಂದು ಪ್ರಶ್ನೆ ಕೇಳಿದರು: “ಸರಿಯಾದ ಜಾಗ ಅಂದರೆ ಯಾವುದು? ಇಲ್ಲಿ ಕುಳಿತಿರುವವರಲ್ಲಿ ಯಾರಿಗಾದರೂ ಗೊತ್ತೇ?” ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಯಾರೂ ಕೇಳಿಯೂ ಇರಲಿಲ್ಲ. ಆಗ ಅವರು ಮತ್ತೊಂದು ಮಾತು ಹೇಳಿದರು: “ಕೃತ, ಕಾರಿತ, ಅನುಮೋದನ ಎಂದು ದಿನವೂ ಆಲೋಚನಾ ಪಾಠದಲ್ಲಿ ಹೇಳುತ್ತೇವೆ. ಮಾಡಿದ್ದು ಅವನಾದರೆ ಮಾಡಿಸಿದ್ದು ನಾವಲ್ಲವೇ? ರಸೀದಿ ತೆಗೆದುಕೊಂಡರೆ ಕಾರಿತದ ದೋಷ ಚುಕ್ತಾ ಆಗುತ್ತದೆಯೇ?”

ಸಭೆಯಲ್ಲಿ ಉತ್ತರ ದೊರೆಯದ ಈ ಪ್ರಶ್ನೆ ಪ್ರತಿಯೊಬ್ಬ ಶ್ರಾವಕನ ಮನೆಯ ಕಸದ ಬುಟ್ಟಿಗೂ, ಪ್ರತಿಯೊಂದು ಬಸದಿಯ ಅಡುಗೆಮನೆಗೂ ಸಂಬಂಧಿಸಿದುದಾದ್ದರಿಂದ ಅದನ್ನು ಶಾಸ್ತ್ರದ ಬೆಳಕಿನಲ್ಲಿಯೂ ಲೋಕವ್ಯವಹಾರದ ಬೆಳಕಿನಲ್ಲಿಯೂ ಪರಿಶೀಲಿಸುವುದು ಉಚಿತವಾಗಿದೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಐದು ಸಮಿತಿಗಳನ್ನು ಹೇಳಿದ್ದಾರೆ: ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪ ಮತ್ತು ಉತ್ಸರ್ಗ. ನಡೆಯುವಾಗ, ಮಾತನಾಡುವಾಗ, ಆಹಾರ ಸ್ವೀಕರಿಸುವಾಗ, ವಸ್ತುವನ್ನು ಎತ್ತಿಡುವಾಗ ಎಚ್ಚರ ಬೇಕೆಂಬುದು ಮೊದಲ ನಾಲ್ಕರ ಅರ್ಥ. ಐದನೆಯದಾದ ಉತ್ಸರ್ಗ ಸಮಿತಿಯು ವಿಸರ್ಜಿಸುವಾಗಿನ ಎಚ್ಚರ. ಮೂಲಾಚಾರದಲ್ಲಿ ಇದಕ್ಕೆ ಪ್ರತಿಷ್ಠಾಪನಾ ಸಮಿತಿ ಎಂಬ ಹೆಸರಿದೆ. ಈ ಹೆಸರು ವಿಚಾರಾರ್ಹವಾಗಿದೆ. ಬಿಂಬವನ್ನು ಪ್ರತಿಷ್ಠಾಪಿಸುವ ಕ್ರಿಯೆಗೆ ಬಳಸುವ ಪದವನ್ನೇ ಮಲಮೂತ್ರಾದಿಗಳ ವಿಸರ್ಜನೆಗೂ ಬಳಸಲಾಗಿದೆ. ಎಸೆಯುವುದೆಂದರೆ ಕೈತೊಳೆದುಕೊಳ್ಳುವುದಲ್ಲ, ಒಂದು ಜಾಗದಲ್ಲಿ ಇಡುವುದು. ಇಡುವ ಜಾಗವು ನಿರ್ಜಂತುವಾಗಿರಬೇಕು, ಪರರಿಗೆ ಬಾಧೆಯಾಗದಂತಿರಬೇಕು, ಕಣ್ಣಿನಿಂದ ನೋಡಿ ಪರೀಕ್ಷಿಸಿದ್ದಾಗಿರಬೇಕು. ಲೋಕದಲ್ಲಿ ‘ಹೊರಗೆ’ ಎಂಬ ಸ್ಥಳವೇ ಇಲ್ಲ. ಒಬ್ಬನ ಹೊರಗು ಮತ್ತೊಬ್ಬನ ಒಳಗು.

ಸಮಿತಿಗಳು ಮುನಿಗಳಿಗೆ ವಿಧಿಸಿದವು, ಗೃಹಸ್ಥನಿಗೇಕೆ ಎಂದು ಕೆಲವರು ಕೇಳಬಹುದು. ಆದರೆ ಗೃಹಸ್ಥನ ಹಳೆಯ ದಿನಚರಿಯಲ್ಲಿಯೇ ಈ ಸಮಿತಿಯ ನೆರಳು ಸ್ಪಷ್ಟವಾಗಿ ಕಾಣುತ್ತದೆ. ನೀರನ್ನು ಗಾಳಿಸಿ ಕುಡಿಯುವುದು ಜೈನಗೃಹಸ್ಥನ ಗುರುತು. ಆದರೆ ಗಾಳಿಸುವುದರೊಂದಿಗೆ ವಿಧಿ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು, ಅಂದರೆ ಜೀವಾಣಿಯನ್ನು, ಯಾವ ಬಾವಿಯಿಂದ ನೀರು ಸೇದಲಾಯಿತೋ ಅದೇ ಬಾವಿಗೆ, ಮೇಲಿನಿಂದ ಎರಚದೆ, ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ತನಗೆ ಬೇಡವಾದುದನ್ನು ಅದಕ್ಕೆ ಯೋಗ್ಯವಾದ ಸ್ಥಾನಕ್ಕೆ ಮುಟ್ಟಿಸುವ ಜವಾಬ್ದಾರಿ ಬಳಸಿದವನದೇ ಎಂಬ ತತ್ತ್ವ ಅದರಲ್ಲಿದೆ. ಇಂದು ಅದೇ ಮನೆಯಲ್ಲಿ ನೀರನ್ನು ಯಂತ್ರ ಶೋಧಿಸುತ್ತದೆ. ಹಳೆಯದಾದ ಶೋಧಕ ನಳಿಕೆಯು ಮೊಸರನ್ನದ ಎಂಜಲು, ಹಳೆಯ ಬ್ಯಾಟರಿ, ಒಡೆದ ಟ್ಯೂಬ್‌ಲೈಟಿನೊಂದಿಗೆ ಒಂದೇ ಚೀಲದಲ್ಲಿ ಬೀದಿಗೆ ಹೋಗುತ್ತದೆ. ನೀರು ಗಾಳಿಸುವ ಆಚಾರ ಉಳಿದಿದೆ. ಜೀವಾಣಿಯ ಆಚಾರ ಅಳಿದಿದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ವಿವರಿಸುತ್ತ ಪ್ರಮಾದಚರ್ಯೆಯನ್ನು ಹೇಳಿದ್ದಾರೆ. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿಯನ್ನು ಕದಡುವುದು, ವನಸ್ಪತಿಯನ್ನು ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಪೃಥ್ವಿಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದು ಸ್ಥಾವರ ಜೀವಗಳ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿದ್ದಲ್ಲ. ಆದುದರಿಂದಲೇ ಅವನಿಗೆ ಅಣುವ್ರತ. ಆದರೆ ತಪ್ಪಿಸಲಾಗದ ಹಿಂಸೆ ಬೇರೆ, ಅಜಾಗರೂಕತೆಯ ಹಿಂಸೆ ಬೇರೆ. ಕಸದ ಗುಡ್ಡವೊಂದು ಮಣ್ಣು, ನೀರು, ಗಾಳಿ ಮೂರನ್ನೂ ಕೆಡಿಸಿ, ತಾನಾಗಿ ಬೆಂಕಿ ಹೊತ್ತಿಕೊಂಡು, ಸುತ್ತಲಿನ ಸಸ್ಯವನ್ನು ಒಣಗಿಸಿದರೆ ಐದು ಕಾಯಗಳಲ್ಲಿ ಯಾವುದು ಉಳಿಯಿತು?

ಇದು ಅಲಂಕಾರದ ಮಾತಲ್ಲ. ಬೆಂಗಳೂರಿನ ಪೂರ್ವಕ್ಕೆ, ಹಳೆಯ ಮದರಾಸು ರಸ್ತೆಯಿಂದ ಸ್ವಲ್ಪ ಒಳಗಿರುವ ಮಂಡೂರು ಇದಕ್ಕೆ ಸಾಕ್ಷಿ. 2012ರಲ್ಲಿ ಯಲಹಂಕದ ಬಳಿಯ ಮಾವಳ್ಳಿಪುರದ ಭರ್ತಿತಾಣ ಜನರ ಪ್ರತಿಭಟನೆಯ ನಂತರ ಮುಚ್ಚಿದಾಗ ಮಹಾನಗರದ ಬೀದಿಗಳಲ್ಲಿ ಕಸ ರಾಶಿಬಿದ್ದು, ನಗರದ ಭಾರವು ಬಹುಪಾಲು ಮಂಡೂರಿನ ಮೇಲೆ ಬಿತ್ತು. ದಿನವೂ ನೂರಾರು ಲಾರಿಗಳು ಆ ಗ್ರಾಮದ ಮೂಲಕ ಹಾದವು. ದುರ್ವಾಸನೆ, ನೊಣ, ಕೆಟ್ಟ ಅಂತರ್ಜಲದಿಂದ ನೊಂದ ಗ್ರಾಮಸ್ಥರು 2014ರ ಜೂನ್ ತಿಂಗಳಲ್ಲಿ ಲಾರಿಗಳನ್ನು ತಡೆದು ನಿಂತರು, ನಿಷೇಧಾಜ್ಞೆ ಜಾರಿಯಾಯಿತು. ಕೊನೆಗೆ ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿ ಕಸ ಸುರಿಯುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟು, ಅದರಂತೆ ಲಾರಿಗಳು ನಿಂತವು. ಆದರೆ ನಗರದ ಕಸ ನಿಲ್ಲಲಿಲ್ಲ. ಅದು ಉತ್ತರದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಡೆಯ ಕಲ್ಲುಗಣಿ ಹೊಂಡಗಳಿಗೆ ದಾರಿ ಹುಡುಕಿಕೊಂಡಿತು. ಗ್ರಾಮದ ಹೆಸರು ಬದಲಾಯಿತೇ ಹೊರತು ಪದ್ಧತಿ ಬದಲಾಗಲಿಲ್ಲ.

ಗುಡ್ಡದೊಳಗೆ ನಡೆಯುವುದೇನೆಂಬುದನ್ನು ಅರಿತರೆ ದೋಷವೆಲ್ಲಿದೆಯೆಂಬುದು ತಿಳಿಯುತ್ತದೆ. ಹಳ್ಳಿಯ ತಿಪ್ಪೆಯೂ ಕಸದ ರಾಶಿಯೇ. ಆದರೆ ಅದರಲ್ಲಿ ಸಗಣಿ, ಬೂದಿ, ಎಲೆ, ಸಿಪ್ಪೆಗಳಿದ್ದು, ಗಾಳಿಯಾಡಿ, ವರ್ಷ ತುಂಬುವುದರೊಳಗೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ನಗರದ ಗುಡ್ಡದಲ್ಲಿ ಹಸಿ ಕಸ ಪ್ಲಾಸ್ಟಿಕ್ ಚೀಲದೊಳಗೆ ಸಿಕ್ಕಿಕೊಂಡು, ಮೇಲಿನ ಭಾರಕ್ಕೆ ಅದುಮಿ, ಗಾಳಿಯಿಲ್ಲದೆ ಕೊಳೆಯುತ್ತದೆ. ಹಾಗೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದು ಹೊತ್ತಿ ಉರಿಯುವಂಥದು. ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲವಾದುದು. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬಿದ್ದ ಬೆಂಕಿ ದಿನಗಟ್ಟಲೆ ಆರದೆ ನಗರವನ್ನೆಲ್ಲ ಹೊಗೆಯಲ್ಲಿ ಮುಳುಗಿಸಿತು. 2017ರ ಸೆಪ್ಟೆಂಬರ್ 1ರಂದು ದೆಹಲಿಯ ಗಾಜಿಪುರದ ಗುಡ್ಡ ಕುಸಿದು ಇಬ್ಬರು ಮೃತಪಟ್ಟರು. ಕಸದಿಂದ ಒಸರುವ ಕಪ್ಪು ರಸವು ಬ್ಯಾಟರಿ, ಬಣ್ಣ, ಔಷಧಿಗಳಲ್ಲಿರುವ ಲೋಹಗಳನ್ನೂ ರಾಸಾಯನಿಕಗಳನ್ನೂ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಬೆಂಗಳೂರಿನ ನೆಲದಡಿಯಿರುವುದು ಗಟ್ಟಿ ಬಂಡೆ. ಅಲ್ಲಿ ನೀರು ಚಲಿಸುವುದು ಬಂಡೆಯ ಬಿರುಕುಗಳಲ್ಲಿ. ಹೊಂಡದಲ್ಲಿ ಇಳಿದ ವಿಷ ಯಾವ ಬಿರುಕು ಹಿಡಿದು ಯಾರ ಬಾವಿಯಲ್ಲಿ ಏಳುತ್ತದೆಂಬುದನ್ನು ಸುರಿದವನು ಹೇಳಲಾರ.

ಇಲ್ಲೊಂದು ಸೂಕ್ಷ್ಮವಿದೆ. ಹಸಿ ಕಸ ಪ್ರತ್ಯೇಕವಾಗಿದ್ದರೆ ಅದು ಗೊಬ್ಬರ. ಕಾಗದ, ಲೋಹ, ಗಾಜು, ಪ್ಲಾಸ್ಟಿಕ್ ಒಣದಾಗಿದ್ದರೆ ಗುಜರಿಯವನಿಗೆ ಸರಕು. ಅಪಾಯಕಾರಿಯಾದುದು ಸ್ವಲ್ಪವೇ ಆದ್ದರಿಂದ ಬೇರೆ ಇಟ್ಟರೆ ಅದನ್ನು ನಿಭಾಯಿಸಬಹುದು. ಮೂರೂ ಬೆರೆತಾಗ ಮಾತ್ರ ಅದು ಕಸ. ಬೆರೆಸುವ ಕ್ರಿಯೆ ನಡೆಯುವುದು ಗುಡ್ಡದಲ್ಲಲ್ಲ, ಅಡುಗೆಮನೆಯಲ್ಲಿ. ಇದನ್ನು ಮನಗಂಡೇ ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮನೆಗಳಿಗೆ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯಗೊಳಿಸಿತು; 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದೇಶಕ್ಕೆಲ್ಲ ಅದೇ ವಿಂಗಡಣೆಯನ್ನು ವಿಧಿಸಿದವು. ಆಜ್ಞೆಯಿಂದ ಆಗದ್ದು ವ್ರತದಿಂದ ಆಗಬಹುದೆಂಬುದನ್ನು ಚೌವಿಹಾರ, ರಾತ್ರಿಭೋಜನ ತ್ಯಾಗಗಳನ್ನು ಪಾಲಿಸುವ ಸಮಾಜಕ್ಕೆ ಬೇರೆಯವರು ಹೇಳಬೇಕಾಗಿಲ್ಲ.

ಆ ಕೋಶಾಧ್ಯಕ್ಷರಿಗೆ ಈ ವಿಷಯ ಹೊಳೆದದ್ದು ಅವರ ಅಂಗಡಿಯಿಂದಲೇ. ಚಿನ್ನದ ಕೆಲಸ ಮಾಡುವ ಕೋಣೆಯನ್ನು ಗುಡಿಸಿದ ದೂಳನ್ನು ಯಾರೂ ಎಸೆಯುವುದಿಲ್ಲ. ಅದನ್ನು ಕೂಡಿಟ್ಟು, ಸುಟ್ಟು, ತೊಳೆದು, ಚಿನ್ನದ ಕಣಗಳನ್ನು ಹೆಕ್ಕುವುದಕ್ಕೆ ಹಿಂದೆ ಜಲಗಾರರೆಂಬ ವೃತ್ತಿಯವರೇ ಇದ್ದರು. ಅಂಗಡಿಯ ದೂಳಿನಲ್ಲಿ ಏನಿದೆಯೆಂಬುದು ಯಜಮಾನನಿಗೆ ಗೊತ್ತಿರುವುದರಿಂದ ಅದು ಕಸವಲ್ಲ. ಮನೆಯ ಬುಟ್ಟಿಯಲ್ಲಿ ಏನಿದೆಯೆಂದು ನೋಡಲು ಅದೇ ಯಜಮಾನನಿಗೆ ಮನಸ್ಸಿಲ್ಲದಿರುವುದರಿಂದ ಅದು ಕಸ.

ಚಿನ್ನದ ಮಾತು ಬಂದಾಗ ಅದೇ ಹಳೆಯ ಮದರಾಸು ರಸ್ತೆಯಲ್ಲಿ ಮುಂದುವರಿದು ಕೋಲಾರದ ಆಚೆಗೆ ತಿರುಗಿದರೆ ಸಿಗುವ ಮತ್ತೊಂದು ಗುಡ್ಡವನ್ನು ಮರೆಯುವಂತಿಲ್ಲ. ಕೋಲಾರ ಚಿನ್ನದ ಗಣಿಗಳು ನೂರಿಪ್ಪತ್ತು ವರ್ಷಗಳಷ್ಟು ಕಾಲ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟು ಕಾಲದಲ್ಲಿ ಹೊರತೆಗೆದ ಚಿನ್ನ ಸುಮಾರು 800 ಟನ್. ಆ ಚಿನ್ನಕ್ಕಾಗಿ ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಪುಡಿಯನ್ನು ಊರಿನ ನಡುವೆಯೇ ಗುಡ್ಡೆ ಹಾಕಲಾಯಿತು. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲಿನಿಂದ ದೊರೆಯುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಹಾಗಾದರೆ ಹತ್ತು ಗ್ರಾಮಿನ ಒಂದು ಸರಕ್ಕೆ ಟನ್ನುಗಟ್ಟಲೆ ಪುಡಿ ಯಾರದೋ ಮನೆಯ ಮುಂದೆ ಬಿದ್ದಿದೆ. ಗಾಳಿ ಬೀಸಿದಾಗ ಆ ದೂಳು ಮನೆಗಳಿಗೆ ನುಗ್ಗುತ್ತದೆ; ಮಳೆ ಬಂದಾಗ ಕೊಚ್ಚಿಕೊಂಡು ಹೊಲ-ಕೆರೆಗಳಿಗೆ ಇಳಿಯುತ್ತದೆ. ಸರದ ಬಿಲ್ಲಿನಲ್ಲಿ ಚಿನ್ನದ ಬೆಲೆ, ಕೂಲಿ, ಸವಕಳಿ, ತೆರಿಗೆ ಎಲ್ಲವೂ ಇರುತ್ತವೆ. ಈ ದಿಬ್ಬದ ಬಾಬ್ತು ಮಾತ್ರ ಇರುವುದಿಲ್ಲ.

ಭೋಪಾಲದ ಕೀಟನಾಶಕ ಕಾರ್ಖಾನೆಯ ದೃಷ್ಟಾಂತವೂ ಇಂಥದೇ. 1984ರ ಡಿಸೆಂಬರ್ 2-3ರ ರಾತ್ರಿಯ ಅನಿಲ ದುರಂತವನ್ನು ಲೋಕವೆಲ್ಲ ಬಲ್ಲದು. ಆದರೆ ಆ ಆವರಣದಲ್ಲಿ ಉಳಿದ ವಿಷತ್ಯಾಜ್ಯದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶೇಖರಿಸಿಟ್ಟಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಅಂದರೆ ನಲವತ್ತು ವರ್ಷಗಳ ನಂತರ. ಅದನ್ನು ಅಲ್ಲಿ ಸುಟ್ಟದ್ದು ಅದೇ ವರ್ಷ. ಪೀಥಂಪುರದ ಜನ ತಮ್ಮೂರಿಗೆ ಅದು ಬೇಡವೆಂದು ಬೀದಿಗಿಳಿದರು. ಸುಟ್ಟ ಮೇಲೂ ಬೂದಿ ಉಳಿಯಿತು, ಬೂದಿಗೂ ಜಾಗ ಹುಡುಕಬೇಕಾಯಿತು. ಹಳೆಯ ಆವರಣದ ಮಣ್ಣಿನಲ್ಲಿ, ಅಡಿಯ ನೀರಿನಲ್ಲಿ ಸೇರಿದ ವಿಷ ಆ 337 ಟನ್ನಿನ ಲೆಕ್ಕದಲ್ಲಿ ಇರಲೇ ಇಲ್ಲ. ಕಾರ್ಖಾನೆಯ ಲಾಭ-ನಷ್ಟದ ಪುಸ್ತಕ ಎಂದೋ ಮುಚ್ಚಿತ್ತು. ಭೂಮಿಯ ಪುಸ್ತಕ ತೆರೆದೇ ಇತ್ತು.

ಕೆಟ್ಟ ಭೂಮಿಯನ್ನು ಮತ್ತೆ ಶುದ್ಧಗೊಳಿಸಲು ಸಾಧ್ಯವಿಲ್ಲವೇ? ಸಾಧ್ಯವಿದೆ, ಅದಕ್ಕೆ ಇಂದೋರ್ ನಗರ ಸಾಕ್ಷಿ. ಸೇಠ್ ಹುಕುಮ್‌ಚಂದರ ಕಾಚ್ ಮಂದಿರದಿಂದ ಜೈನರಿಗೆಲ್ಲ ಪರಿಚಿತವಾದ ಆ ವ್ಯಾಪಾರಿ ನಗರದ ಹೊರಗೆ ದೇವಗುರಾಡಿಯಾ ಎಂಬಲ್ಲಿ ಸುಮಾರು 100 ಎಕರೆಗಳಲ್ಲಿ ಹಳೆಯ ಕಸದ ಗುಡ್ಡಗಳಿದ್ದವು. 2018ರಲ್ಲಿ ಆ 13 ಲಕ್ಷ ಟನ್ನುಗಳಷ್ಟು ಕಸವನ್ನು ಕೆಲವೇ ತಿಂಗಳುಗಳಲ್ಲಿ ಅಗೆದು, ಸೂಕ್ಷ್ಮಾಣುಗಳ ದ್ರಾವಣ ಚಿಮುಕಿಸಿ, ತಿರುಗುವ ದೊಡ್ಡ ಜರಡಿಗಳಲ್ಲಿ ಸೋಸಿ, ಮಣ್ಣನ್ನು ಮಣ್ಣಿಗೂ, ಪ್ಲಾಸ್ಟಿಕ್-ಚಿಂದಿಗಳನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಿಗೂ, ಲೋಹವನ್ನು ಗುಜರಿಗೂ, ಕಲ್ಲು-ಇಟ್ಟಿಗೆಗಳನ್ನು ತಗ್ಗು ತುಂಬುವುದಕ್ಕೂ ಕಳಿಸಲಾಯಿತು. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ ಯೋಜನೆಯ ಎರಡನೆಯ ಹಂತವು ದೇಶದ ನಗರಗಳ ಹಳೆಯ ಕಸದ ಗುಡ್ಡಗಳನ್ನೆಲ್ಲ ಹೀಗೆ ಕರಗಿಸುವ ಗುರಿಯನ್ನಿಟ್ಟುಕೊಂಡಿತು.

ಈ ಕೆಲಸದ ಸ್ವರೂಪವನ್ನು ಗಮನಿಸಬೇಕು. ಅಲ್ಲಿ ಯಂತ್ರಗಳು ಮಾಡಿದ್ದಾದರೂ ಏನು? ವಿಂಗಡಣೆ. ಮನೆಯ ಬಾಗಿಲಲ್ಲಿ ಗೃಹಿಣಿಯೊಬ್ಬಳು ಒಂದು ನಿಮಿಷದಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ಹತ್ತಾರು ವರ್ಷ ತಡವಾಗಿ, ಕೋಟ್ಯಂತರ ರೂಪಾಯಿ ವೆಚ್ಚದಲ್ಲಿ, ಕೆಟ್ಟು ನಾರುವ ಸ್ಥಿತಿಯಲ್ಲಿ ಮಾಡಲಾಯಿತು. ಭೂಶುದ್ಧಿಯೆಂದರೆ ತಡವಾಗಿ ಮಾಡಿದ ವಿಂಗಡಣೆ; ಅಷ್ಟಾದರೂ ನೀರಿಗಿಳಿದ ರಸವನ್ನು ಜರಡಿ ಹಿಡಿಯಲಾರದು. ಮತ್ತೊಂದು ಮುಖ್ಯ ಸಂಗತಿಯೆಂದರೆ ಇಂದೋರ್ ಮೊದಲು ಮನೆಮನೆಯಲ್ಲಿ ಹಸಿ-ಒಣ ಕಸ ಬೇರ್ಪಡಿಸುವ ಪದ್ಧತಿಯನ್ನು ಗಟ್ಟಿಗೊಳಿಸಿ, ಆಮೇಲೆ ಹಳೆಯ ಗುಡ್ಡಕ್ಕೆ ಕೈಹಾಕಿತು. ಹೊಸ ಕಸ ಬಂದು ಬೀಳುತ್ತಲೇ ಇದ್ದರೆ ಹಳೆಯ ಗುಡ್ಡವನ್ನು ಅಗೆದು ಪ್ರಯೋಜನವಿಲ್ಲ.

ಈ ಕ್ರಮವು ಜೈನರಿಗೆ ಹೊಸದಲ್ಲ. ಏಳು ತತ್ತ್ವಗಳಲ್ಲಿ ಆಸ್ರವ, ಬಂಧಗಳ ನಂತರ ಸಂವರ, ಅದರ ನಂತರ ನಿರ್ಜರೆ. ತೂತುಬಿದ್ದ ದೋಣಿಯಲ್ಲಿ ಕುಳಿತವನು ಮೊದಲು ತೂತನ್ನು ಮುಚ್ಚಬೇಕು, ಆಮೇಲೆ ಒಳಗೆ ತುಂಬಿದ ನೀರನ್ನು ಮೊಗೆದು ಚೆಲ್ಲಬೇಕೆಂದು ಬಾಲಬೋಧೆಯಲ್ಲಿಯೇ ಕಲಿಸುತ್ತಾರೆ. ಕಸವನ್ನು ಕಡಿಮೆಗೊಳಿಸಿ ಬೇರ್ಪಡಿಸುವುದು ಸಂವರ. ಕೆಟ್ಟ ಭೂಮಿಯನ್ನು ಶುದ್ಧಗೊಳಿಸುವುದು ನಿರ್ಜರೆ. ಸಂವರವಿಲ್ಲದ ನಿರ್ಜರೆಯಿಂದ ದೋಣಿ ದಡ ಸೇರದು.

ಆದರೆ ಈ ಹೋಲಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಕರ್ಮಸಿದ್ಧಾಂತದಲ್ಲಿ ಕಟ್ಟಿಕೊಂಡವನೇ ಅನುಭವಿಸುತ್ತಾನೆ. ಕಸದ ವಿಷಯದಲ್ಲಿ ಎಸೆದವನು ಒಬ್ಬ, ಕೆಟ್ಟ ನೀರು ಕುಡಿಯುವವನು ಮತ್ತೊಬ್ಬ. ಆದುದರಿಂದಲೇ ಎಸೆದವನಿಗೆ ಭಯವಿಲ್ಲ. ಲೆಕ್ಕ ಚುಕ್ತಾ ಆಯಿತೆಂಬ ಭ್ರಮೆ. ವಾಸ್ತವದಲ್ಲಿ ಆದದ್ದೇನು? ಬಾಧೆ ಹಳ್ಳಿಯವನ ಪಾಲಿಗೆ ಹೋಯಿತು, ಬಂಧ ಎಸೆದವನ ಖಾತೆಯಲ್ಲಿಯೇ ಉಳಿಯಿತು. ಒಂದು ಸಾಲವು ಎರಡಾಯಿತು.

ಕೋಶಾಧ್ಯಕ್ಷರ ಒತ್ತಾಯದಿಂದ ಟ್ರಸ್ಟಿನ ಕೆಲವರು ಆ ಹೊಂಡವನ್ನು ನೋಡಲು ಹೋದರು. ತಮ್ಮ ಉತ್ಸವದ ಕಸವನ್ನು ತೆಗೆಸಿ ಬರೋಣವೆಂಬುದು ಅವರ ಸಂಕಲ್ಪ. ಅಲ್ಲಿ ನಿಂತಾಗ ತಮ್ಮದು ಯಾವುದು, ಪರರದು ಯಾವುದು ಎಂದು ಗುರುತಿಸಲು ಸಾಧ್ಯವಾಗಲಿಲ್ಲ. ಒಂದೇ ಬಗೆಯ ತಟ್ಟೆ, ಒಂದೇ ಬಗೆಯ ಲೋಟ, ನೀರಿನ ಬಾಟಲಿ. ಮದುವೆಯದೋ, ಗೃಹಪ್ರವೇಶದ್ದೋ, ಧರ್ಮಕಾರ್ಯದ್ದೋ ಎಂಬ ಭೇದವನ್ನು ಕಸ ಹೇಳುತ್ತಿರಲಿಲ್ಲ. ದೂರದಲ್ಲಿ ಎರಡು ಹಸುಗಳು ಅನ್ನದ ವಾಸನೆಗೆ ಪ್ಲಾಸ್ಟಿಕ್ ಚೀಲಗಳನ್ನು ಚೀಲಸಮೇತ ಜಗಿಯುತ್ತಿದ್ದವು. ಹಾಗೆ ನುಂಗಿದ ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಗಂಟುಕಟ್ಟಿ ಹಸುಗಳು ಸಾಯುವುದನ್ನು ಗೋಶಾಲೆ ನಡೆಸುವವರೆಲ್ಲ ಬಲ್ಲರು. ಅದೇ ಟ್ರಸ್ಟು ಗೋಶಾಲೆಯೊಂದಕ್ಕೆ ಪ್ರತಿವರ್ಷ ದೇಣಿಗೆ ಕೊಡುತ್ತಿತ್ತು.

ಕೂಲಿಯವರೊಂದಿಗೆ ಮೂರು ದಿನ ಕೆಲಸ ನಡೆದು ಮೇಲ್ಪದರದ ಕೆಲವು ಲಾರಿಗಳಷ್ಟು ಕಸವನ್ನು ಬೇರ್ಪಡಿಸಿ ತೆಗೆಸಲಾಯಿತು. ಸಾಗಣೆಗೆ ಮೊದಲು ಕೊಟ್ಟಿದ್ದ ಹಣದ ಹಲವು ಪಟ್ಟು ಅದಕ್ಕೆ ಖರ್ಚಾಯಿತು. ಅದರ ಕೆಳಗಿನದು ಹಾಗೆಯೇ ಉಳಿಯಿತು. ರೈತರ ಬಾವಿಯ ನೀರು ತಿಳಿಯಾಗಲಿಲ್ಲ. ಶಾಂತಿಧಾರಾ ವಿಧಿಪೂರ್ವಕ ನಡೆಯಿತು; ಆದರೆ ಅಂದು ಅಭಿಷೇಕದ ಜಲವನ್ನು ಶಿರಸ್ಸಿಗೆ ಹಚ್ಚಿಕೊಳ್ಳುವಾಗ ಆ ಬಾವಿಯ ನೆನಪಾಗದೆ ಇರಲಿಲ್ಲವೆಂದು ಕೋಶಾಧ್ಯಕ್ಷರು ಆಮೇಲೆ ಹೇಳಿದರು.

ಮುಂದಿನ ವರ್ಷದ ಉತ್ಸವಕ್ಕೆ ಮುನ್ನ ಟ್ರಸ್ಟಿನಲ್ಲಿ ಗಂಭೀರ ಚರ್ಚೆ ನಡೆಯಿತು. ಸ್ಟೀಲಿನ ತಟ್ಟೆ-ಲೋಟಗಳ ಬಗ್ಗೆ, ಬಾಟಲಿಗಳ ಬದಲು ಗಾಳಿಸಿ ಕಾಯಿಸಿದ ನೀರಿನ ಕೊಳಗಗಳ ಬಗ್ಗೆ ಒಮ್ಮತವಾಯಿತು. ಆಮಂತ್ರಣ ಪತ್ರಿಕೆಯಲ್ಲಿ ಜಿನಬಿಂಬವನ್ನು ಮುದ್ರಿಸಬಾರದೆಂದೂ, ಪತ್ರಿಕೆಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕೆಂದೂ ನಿರ್ಣಯವಾಯಿತು. ಭಿನ್ನಾಭಿಪ್ರಾಯ ಬಂದದ್ದು ಹಸಿ ಕಸದ ವಿಷಯದಲ್ಲಿ. ಗೊಬ್ಬರದ ಗುಂಡಿಯಲ್ಲಿ ಅಸಂಖ್ಯಾತ ಜೀವಿಗಳು ಹುಟ್ಟಿ ಸಾಯುತ್ತವೆ. ಬಸದಿಯ ಆವರಣದಲ್ಲಿ ಅಂಥ ಆರಂಭಹಿಂಸೆ ಸಲ್ಲದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪಣೆ ಶಾಸ್ತ್ರದೃಷ್ಟಿಯಿಂದ ಹಗುರವಾದುದಲ್ಲ. ಎಂಜಲಿನಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂಬುದು ಪರಂಪರೆಯ ಮಾತು.

ಪಾಠಶಾಲೆಯ ವೃದ್ಧ ಪಂಡಿತರು ಅದಕ್ಕೆ ಕೊಟ್ಟ ಸಮಾಧಾನ ಎಲ್ಲರೂ ಮನನ ಮಾಡಬೇಕಾದುದು. “ಜೀವೋತ್ಪತ್ತಿಯ ಭಯವಿದ್ದರೆ ಎಂಜಲನ್ನೇ ಬಿಡಬೇಡಿ, ಅದೇ ಮೊದಲ ಧರ್ಮ. ಬಿಟ್ಟ ಮೇಲೆ ಅದು ಎಲ್ಲಿ ಹೋದರೂ ಜೀವಗಳು ಹುಟ್ಟಿಯೇ ಹುಟ್ಟುತ್ತವೆ. ನಿಮ್ಮ ಕಣ್ಣೆದುರು ಹುಟ್ಟಿದರೆ ಹಿಂಸೆ, ಹೊಂಡದಲ್ಲಿ ಹುಟ್ಟಿದರೆ ಅಹಿಂಸೆಯೇ? ಗುಂಡಿಯಲ್ಲಿ ಅವು ತಮ್ಮ ಆಯುಷ್ಯ ಮುಗಿಸಿ ಮಣ್ಣಾಗುತ್ತವೆ. ಹೊಂಡದಲ್ಲಿ ಉಸಿರುಗಟ್ಟಿ, ಬೆಂಕಿಯಲ್ಲಿ ಬೆಂದು, ಹಸುವನ್ನೂ ಬಾವಿಯನ್ನೂ ಕೆಡಿಸುತ್ತವೆ. ಅಲ್ಪಹಿಂಸೆಯನ್ನು ಆರಿಸಿಕೊಳ್ಳುವುದೇ ಗೃಹಸ್ಥನ ವಿವೇಕ.” ಅನಂತರ ಬಡಿಸುವವರಿಗೆ ಕೇಳಿ ಬಡಿಸುವ, ಊಟ ಮಾಡುವವರಿಗೆ ಎಲೆಯಲ್ಲಿ ಏನನ್ನೂ ಬಿಡದಿರುವ ನಿಯಮ ಮಾಡಿ, ಉಳಿದ ಸಿಪ್ಪೆ-ಹೂಗಳಿಗೆ ಮಾತ್ರ ಒಣ ಎಲೆಗಳೊಂದಿಗೆ ಗಾಳಿಯಾಡುವ ಗುಂಡಿಯ ವ್ಯವಸ್ಥೆಯಾಯಿತು. ಉತ್ಸವದ ಕೊನೆಗೆ ಹೊರಗೆ ಹೋಗಬೇಕಾದ ಕಸ ಕೆಲವೇ ಚೀಲಗಳಷ್ಟಾಯಿತು. ಅದು ಎಲ್ಲಿಗೆ ಹೋಗುತ್ತದೆಂದು ತಿಳಿದುಕೊಂಡೇ ಕಳಿಸಲಾಯಿತು.

ಬಸದಿಗಳ ಆಡಳಿತ ಮಂಡಲಿಗಳೂ, ಶ್ರಾವಕ ಕುಟುಂಬಗಳೂ ಇದರಿಂದ ಗ್ರಹಿಸಬಹುದಾದ ನಿಯಮಗಳು ಸರಳವಾಗಿವೆ. ಕೊಳ್ಳುವ ಮುನ್ನವೇ ಎಸೆಯುವ ಜಾಗವನ್ನು ಯೋಚಿಸುವುದು. ಯಾವುದಕ್ಕೆ ಯೋಗ್ಯವಾದ ಜಾಗವಿಲ್ಲವೋ ಅದನ್ನು ಕೊಳ್ಳದಿರುವುದು. ಹಸಿಯನ್ನು ಒಣದರೊಂದಿಗೆ, ವಿಷವನ್ನು ಎರಡರೊಂದಿಗೂ ಬೆರೆಸದಿರುವುದು. ಕಸ ಒಯ್ಯುವವರನ್ನು ‘ಎಲ್ಲಿಗೆ?’ ಎಂದು ಕೇಳುವುದು, ವರ್ಷಕ್ಕೊಮ್ಮೆಯಾದರೂ ಆ ಜಾಗವನ್ನು ಕಣ್ಣಾರೆ ನೋಡಿ ಬರುವುದು. ಕಾರ್ಖಾನೆ, ಬಣ್ಣದ ಘಟಕ, ಎರಕದ ಕೆಲಸಗಳನ್ನು ನಡೆಸುವ ವರ್ತಕರು ತಮ್ಮ ಸರಕಿನ ಬೆಲೆಯಲ್ಲಿ ಭೂಮಿಯನ್ನು ಶುದ್ಧವಾಗಿ ಹಿಂತಿರುಗಿಸುವ ಬಾಬ್ತನ್ನೂ ಸೇರಿಸಿಕೊಳ್ಳುವುದು. ಪ್ರತಿಕ್ರಮಣದಲ್ಲಿ ದಿನದ ನಡೆ, ನುಡಿ, ಆಹಾರಗಳ ದೋಷವನ್ನು ನೆನೆಯುವಾಗ ಎಸೆದದ್ದನ್ನೂ ನೆನೆಯುವುದು.

ಆ ಕೋಶಾಧ್ಯಕ್ಷರು ಮರುವರ್ಷದ ಲೆಕ್ಕಪುಸ್ತಕದಲ್ಲಿ ‘ಸ್ವಚ್ಛತೆ ಮತ್ತು ಕಸ ಸಾಗಣೆ’ ಎಂಬ ಬಾಬ್ತನ್ನು ತೆಗೆದುಹಾಕಿ ‘ಉತ್ಸರ್ಗ’ ಎಂಬ ಹೊಸ ಖಾತೆಯನ್ನು ತೆರೆದರು. ಆ ರೈತರ ಮನೆಗೆ ಕುಡಿಯುವ ನೀರು ತಲಪಿಸುವ ವೆಚ್ಚವನ್ನು ಟ್ರಸ್ಟು ವಹಿಸಿಕೊಂಡಿದ್ದರಿಂದ ಅದೂ ಆ ಖಾತೆಯಲ್ಲಿಯೇ ಬರುತ್ತಿತ್ತು. ಉಳಿದ ಖಾತೆಗಳೆಲ್ಲ ಮಾರ್ಚ್ ಕೊನೆಗೆ ಮುಚ್ಚುತ್ತಿದ್ದವು. ಈ ಒಂದು ಖಾತೆಯ ಮುಂದೆ ಮಾತ್ರ ಅವರು ‘ಚುಕ್ತಾ’ ಎಂದು ಬರೆಯಲಿಲ್ಲ. ಶೇಷವನ್ನು ಮುಂದಿನ ವರ್ಷಕ್ಕೆ ಎಳೆದುಕೊಂಡರು. ಬಾವಿ ತಿಳಿಯಾಗುವವರೆಗೆ ಅದನ್ನು ಮುಚ್ಚುವ ಅಧಿಕಾರ ತಮಗಿಲ್ಲವೆಂದು ಅವರು ಸಭೆಗೆ ತಿಳಿಸಿದರು. ಸಭೆ ಅದನ್ನು ಒಪ್ಪಿತು.